ಸಾಗುವಾನಿ ಬಣ್ಣ ಸುಳ್ಳಲ್ಲ, ಸಾಗುವಾನಿ ಬೆಲೆ ಸುಳ್ಳು

ಗುಜರಿಯಿಂದ ಹಳೆಯ ಫೋಟೊ ಫ್ರೇಮ್ ತಂದು, ಬಣ್ಣ ಹಚ್ಚಿ, ಅಜ್ಜನ ಕಾಲದ ಕಟ್ಟಿಗೆಯಂತೆ ಕಾಣಿಸುವ ವಿಡಿಯೊಗಳು ಈಗ ಮೊಬೈಲ್ ತುಂಬ ಓಡಾಡುತ್ತಿವೆ. ಅವನ್ನು ನೋಡಿದವರಲ್ಲಿ ಎರಡು ಗುಂಪು. ಅಗ್ಗದಲ್ಲಿ ಚೆಂದ ಆಯಿತು ಎನ್ನುವವರು ಒಂದು ಕಡೆ, ಇದೆಲ್ಲ ನಕಲಿ, ಮೋಸ ಎನ್ನುವವರು ಇನ್ನೊಂದು ಕಡೆ. ನನ್ನ ಮಾತು ಇಷ್ಟೆ: ಬಣ್ಣ ಮೋಸ ಅಲ್ಲ. ಮೋಸ ಇದ್ದರೆ ಅದು ಬಣ್ಣ ಒಣಗಿದ ಮೇಲೆ ಆಡುವ ಮಾತಿನಲ್ಲಿದೆ.

ವಿಡಿಯೊದವರಿಗೆ ಇದು ಹವ್ಯಾಸ. ಸಿರವಾರ, ಮಾನ್ವಿ, ದೇವದುರ್ಗದ ಪೇಂಟರುಗಳಿಗೆ ಇದು ಹಳೆಯ ಕಸುಬು. ಮಣ್ಣಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಕಟ್ಟಿಸಿದವರ ಬಾಗಿಲ ಚೌಕಟ್ಟು ಸಿಮೆಂಟಿನದು, ಬಾಗಿಲು ಕಬ್ಬಿಣದ್ದು. ಆದರೂ ಗೃಹಪ್ರವೇಶಕ್ಕೆ ಮೊದಲು ಮನೆಯವರ ಬೇಡಿಕೆ ಒಂದೇ: "ಸಾಗುವಾನಿ ಕಂಡಂಗ ಕಾಣಬೇಕ್ರಿ." ಪೇಂಟರು ಮೊದಲು ಹಳದಿ ಮಿಶ್ರಿತ ತಿಳಿ ಬಣ್ಣ ಬಳಿದು ಒಣಗಿಸುತ್ತಾನೆ. ಮೇಲೆ ತೆಳ್ಳಗೆ ಕಂದು ಬಣ್ಣ ಎಳೆದು, ಅದು ಹಸಿ ಇರುವಾಗಲೇ ಒಣ ಬ್ರಷ್, ಬಾಚಣಿಗೆ, ಬಟ್ಟೆಯ ತುಂಡಿನಿಂದ ಕಟ್ಟಿಗೆಯ ಗೆರೆ ತೆಗೆಯುತ್ತಾನೆ. ಬೆರಳ ತುದಿಯಿಂದ ಒಂದೆರಡು ಗಂಟು ಮೂಡಿಸುತ್ತಾನೆ. ಅಂಗಡಿ ಬೋರ್ಡು, ಗೋಡೆಬರಹ ಬರೆಯುತ್ತಿದ್ದ ಎಷ್ಟೋ ಕೈಗಳ ಕೆಲಸವನ್ನು ಫ್ಲೆಕ್ಸ್ ಕಿತ್ತುಕೊಂಡಿತು. 2016ರಲ್ಲಿ ರಾಜ್ಯ ಸರ್ಕಾರ ಫ್ಲೆಕ್ಸ್ ನಿಷೇಧಿಸಿದರೂ ಆ ಕೆಲಸ ಮರಳಲಿಲ್ಲ. ಆ ಕೈಗಳಲ್ಲಿ ಕೆಲವು ಇಂದು ಉಳಿದಿರುವುದು ಈ ಕಟ್ಟಿಗೆ ಗೆರೆಯ ಮೇಲೆಯೇ.

ಇದನ್ನು ಸುಳ್ಳು ಎಂದವರಲ್ಲಿ ದೊಡ್ಡವರೂ ಇದ್ದಾರೆ. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲಿ ಪ್ರಕಟಿಸಿದ ವಾಸ್ತುಶಿಲ್ಪದ ಪುಸ್ತಕದಲ್ಲಿ, ಒಂದು ವಸ್ತುವನ್ನು ಇನ್ನೊಂದು ವಸ್ತುವಿನಂತೆ ಕಾಣಿಸಲು ಬಣ್ಣ ಬಳಿಯುವುದನ್ನು ವಂಚನೆಯ ಪಟ್ಟಿಗೇ ಸೇರಿಸಿದ. ಆದರೆ ಅದೇ ಪುಸ್ತಕದಲ್ಲಿ ಒಂದು ವಿನಾಯಿತಿಯನ್ನೂ ಕೊಟ್ಟ. ಕಟ್ಟಡಕ್ಕೆ ಚಿನ್ನದ ಲೇಪ ಹಚ್ಚಿದರೆ ವಂಚನೆಯಲ್ಲ, ಏಕೆಂದರೆ ಅದನ್ನು ಗಟ್ಟಿ ಚಿನ್ನ ಎಂದು ಯಾರೂ ತಿಳಿಯುವುದಿಲ್ಲ. ಆಭರಣಕ್ಕೆ ಹಚ್ಚಿದರೆ ವಂಚನೆ, ಏಕೆಂದರೆ ಅಲ್ಲಿ ಜನ ಅದನ್ನು ಚಿನ್ನವೆಂದೇ ನಂಬುತ್ತಾರೆ. ಈ ಅಳತೆಗೋಲು ನನಗೆ ಸರಿ ಕಾಣುತ್ತದೆ. ಅದರಿಂದಲೇ ಅಳೆದರೆ ನಮ್ಮ ಸಿಮೆಂಟಿನ ಚೌಕಟ್ಟು ಪಾಸಾಗುತ್ತದೆ. ಸಾಗುವಾನಿ ಗೆರೆ ಎಳೆದ ಕಬ್ಬಿಣದ ಬಾಗಿಲನ್ನು ಊರಲ್ಲಿ ಯಾರೂ ಸಾಗುವಾನಿ ಎಂದು ನಂಬುವುದಿಲ್ಲ. ಬಂದವರು ಬೆರಳಿನಿಂದ ಬಡಿದು ನೋಡಿ, ಪೇಂಟರ್ ಯಾರು ಎಂದು ಕೇಳುತ್ತಾರೆ.

ಈ ಜಾಣ್ಮೆ ನಮ್ಮ ಸೀಮೆಗೆ ಹೊಸದೂ ಅಲ್ಲ. 1997ರವರೆಗೆ ನಮ್ಮದೇ ಜಿಲ್ಲೆಯಲ್ಲಿದ್ದು ಈಗ ಕೊಪ್ಪಳಕ್ಕೆ ಸೇರಿರುವ ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆಯ ಗೊಂಬೆಗೆ ತವರದ ಲೇಪ ಕೊಟ್ಟು, ಉಜ್ಜಿ, ಲೋಹದ ಹೊಳಪು ಬರಿಸುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದಿಂದ ನಿಜವಾದ ಚಿನ್ನ ತೆಗೆಯುತ್ತಾರೆ. ಎರಡಕ್ಕೂ ಅದರದರ ಬೆಲೆ ಇದೆ. ಒಂದರ ಬೆಲೆಯನ್ನು ಇನ್ನೊಂದಕ್ಕೆ ಹೇಳಿದಾಗ ಮಾತ್ರ ತಕರಾರು.

ಫ್ರೇಮಿಗೆ ಬಣ್ಣ ಹಚ್ಚುವವರು ಹಚ್ಚಲಿ. ಹಚ್ಚುವುದಾದರೆ ನೆಟ್ಟಗೆ ಹಚ್ಚಲಿ. ಗಾಜು, ಚಿತ್ರ ತೆಗೆದಿಟ್ಟು, ಎಣ್ಣೆ ಜಿಡ್ಡು ಹೋಗುವಂತೆ ಸೋಪಿನ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಪಾಲಿಶ್ ಪೇಪರ್ ಮೊದಲು 120 ನಂಬರಿನದು, ಆಮೇಲೆ 220ರದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಆದ್ದರಿಂದ ಒಣದಾಗಿ ಉಜ್ಜದೆ ನೀರು ಹಚ್ಚಿ ಉಜ್ಜಬೇಕು, ಮೂಗಿಗೆ ಮಾಸ್ಕ್ ಇರಬೇಕು, ಮಕ್ಕಳು ಹತ್ತಿರ ಇರಬಾರದು. ಪ್ರೈಮರ್ ಮೇಲೆ ಗಾಢ ಕಂದು ಬಳಿದು, ಒಣಗಿದ ನಂತರ ಅಂಚು, ಮೂಲೆಗಳಿಗೆ ಮೇಣದಬತ್ತಿ ತಿಕ್ಕಿ, ಮೇಲೆ ತಿಳಿ ಬಣ್ಣ ಕೊಡಬೇಕು. ಮೇಣ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಉಜ್ಜಿದಾಗ ಅಲ್ಲಿ ಮಾತ್ರ ಕೆಳಗಿನ ಕಂದು ಇಣುಕುತ್ತದೆ, ಕೈಯಾಡಿ ಸವೆದಂತೆ ಕಾಣುತ್ತದೆ.

ಫ್ರೇಮು ನಿಜವಾದ ಕಟ್ಟಿಗೆಯದಾಗಿದ್ದರೆ ಬಣ್ಣವೇ ಬೇಡ. ತುಕ್ಕು ಹಿಡಿದ ಮೊಳೆಗಳನ್ನು ವಿನಿಗರ್‌ನಲ್ಲಿ ಕೆಲವು ದಿನ ನೆನೆಹಾಕಿ, ಆ ನೀರನ್ನು ಹಚ್ಚಿದರೆ ಸಾಕು. ಕಟ್ಟಿಗೆಯ ಒಗರು ಕಬ್ಬಿಣದೊಂದಿಗೆ ಕೂಡಿ ತಾನೇ ಕಪ್ಪಾಗುತ್ತದೆ. ಒಗರು ಕಡಿಮೆ ಇರುವ ಕಟ್ಟಿಗೆಗೆ ಮೊದಲು ಕಡು ಚಹಾ ಡಿಕಾಕ್ಷನ್ ಹಚ್ಚಬೇಕು, ಇಲ್ಲವೇ ಜಾಲಿ ತೊಗಟೆ ಕುದಿಸಿದ ನೀರೂ ಆದೀತು. ಚರ್ಮ ಹದ ಮಾಡಲು ಜಾಲಿ ತೊಗಟೆ ಬಳಸುತ್ತಿದ್ದುದು ಇದೇ ಒಗರಿಗಾಗಿ. ಪ್ಲಾಸ್ಟಿಕ್ ಫ್ರೇಮಿನ ಮೇಲೆ ಇದು ನಡೆಯುವುದಿಲ್ಲ. ಹಾಗಾಗಿ ಕೈಯಲ್ಲಿರುವುದು ಕಟ್ಟಿಗೆ ಹೌದೋ ಅಲ್ಲವೋ ಎಂಬ ಪರೀಕ್ಷೆಯೂ ಇದರಲ್ಲೇ ಆಗುತ್ತದೆ.

ಇಷ್ಟು ಕೆಲಸ ಮಾಡಿದವರಿಗೆ ಕೂಲಿ ಸಿಗಬೇಕು, ಒಳ್ಳೆಯ ಕೂಲಿಯೇ ಸಿಗಬೇಕು. ಆದರೆ ಅದೇ ಫ್ರೇಮನ್ನು "ಎಪ್ಪತ್ತು ವರ್ಷದ ಹಳೆ ಮಾಲು" ಎಂದು ಮಾರಿದರೆ ಅದು ಕೂಲಿಯಲ್ಲ, ಲೂಟಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಳೆಯ ವಸ್ತುವನ್ನು ಹೊಸದೆಂದು ಮಾರುವುದನ್ನು ಹೆಸರಿಟ್ಟೇ ಅನುಚಿತ ವ್ಯಾಪಾರ ಎಂದಿದೆ. ಹೊಸದನ್ನು ಹಳೆಯದೆಂದು ಮಾರುವ ಕಾಲ ಬಂದಿದೆ. ಆದರೂ ವಸ್ತುವಿನ ಗುಣಮಟ್ಟ, ಅದು ಯಾವುದರಿಂದ ಆದದ್ದು ಎಂಬುದರ ಬಗ್ಗೆ ಸುಳ್ಳು ಹೇಳಿದರೂ ಅದೇ ಕಾಯ್ದೆ ಅನ್ವಯಿಸುತ್ತದೆ. ಕೊಳ್ಳುವವರು ಅಂದಕ್ಕೆ ತಾನೆ ದುಡ್ಡು ಕೊಡುವುದು, ವಯಸ್ಸು ಯಾಕೆ ಬೇಕು ಎಂದು ಮಾರುವವರು ವಾದಿಸುವುದುಂಟು. ಹಾಗಿದ್ದರೆ ಫ್ರೇಮಿನ ಹಿಂದೆ "ಬಣ್ಣದ ಕೆಲಸ, ಇಂಥ ವರ್ಷ, ಇಂಥ ಪೇಂಟರು" ಎಂದು ಬರೆಯಲಿ. ಅಂದಕ್ಕೇ ದುಡ್ಡು ಬರುವುದಾದರೆ ಬೆಲೆ ಇಳಿಯಬಾರದು. ಇಳಿದರೆ, ಆ ಇಳಿದಷ್ಟು ಹಣ ಸುಳ್ಳಿನದು.

ಇನ್ನೊಂದು ಮಗ್ಗುಲು ನನಗೆ ಹೆಚ್ಚು ಸಂಕಟ ಕೊಡುತ್ತದೆ. ಪೇಟೆಯವರು ಹೊಸ ಫ್ರೇಮಿಗೆ ಹಳೆಯ ವೇಷ ಹಾಕುತ್ತಿರುವಾಗ, ನಾವು ನಿಜವಾಗಿ ಹಳೆಯದನ್ನು ಗುಜರಿ ಗಾಡಿಗೆ ಎತ್ತಿ ಕೊಡುತ್ತಿದ್ದೇವೆ. ಮಾಳಿಗೆ ಮನೆ ಬಿದ್ದಾಗ ಕಂಬ, ತೊಲೆ, ಜಂತಿ ಹೋಗುತ್ತವೆ. ಅವುಗಳ ಜೊತೆ ಪಡಸಾಲೆಯ ಗೋಡೆಯ ಸಾಲು ಫೋಟೊಗಳೂ ಹೋಗುತ್ತವೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿ ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಇದ್ದರು! ಆ ಜಾಗಕ್ಕೆ ಈಗ ಬರುವುದು ಥರ್ಮಾಕೋಲಿನ ಜಾತಿಯದೇ ಆದ ಪ್ಲಾಸ್ಟಿಕ್ಕಿನ ಪಟ್ಟಿ, ಅದರ ಮೇಲೆ ಅಚ್ಚೊತ್ತಿದ ಕಟ್ಟಿಗೆಯ ಗೆರೆ.

ಫ್ರೇಮು ಹೋದರೆ ಹೋಗಲಿ ಎನ್ನಬಹುದಿತ್ತು, ಒಳಗೆ ಮನುಷ್ಯರು ಇರದಿದ್ದರೆ. ಸಾವಿನ ಸುದ್ದಿ ಬರೆಯಲು ಹಳ್ಳಿಗೆ ಹೋಗುವ ನಮ್ಮಂಥ ಸ್ಟ್ರಿಂಗರುಗಳಿಗೆ ಇದು ಗೊತ್ತು. ಡೆಸ್ಕಿನವರು ಫೋಟೊ ಕೇಳುತ್ತಾರೆ. ಮನೆಯವರು ಮೊಳೆಯಿಂದ ಕಟ್ಟು ಇಳಿಸಿ, ಗಾಜಿನ ಮೇಲಿನ ಕುಂಕುಮ, ವಿಭೂತಿ ಸೆರಗಿನಿಂದ ಒರೆಸಿ ಕೈಗೆ ಕೊಡುತ್ತಾರೆ. ಆಧಾರ್ ಕಾರ್ಡಿನ ಮಸುಕು ಮುಖ ಬಿಟ್ಟರೆ ಆ ಮನುಷ್ಯ ಈ ಲೋಕದಲ್ಲಿ ಇದ್ದದ್ದಕ್ಕೆ ಅನೇಕ ಸಲ ಅದೊಂದೇ ಗುರುತು. ಅಂಥ ಮುಖಗಳು ಗುಜರಿಯಲ್ಲಿ ಕಿಲೊ ಲೆಕ್ಕಕ್ಕೆ ಬೀಳುತ್ತವೆ. ಫ್ರೇಮ್ ಕೊಂಡವರು ಬಣ್ಣ ಹಚ್ಚುವ ಅವಸರದಲ್ಲಿ ಮುಖವನ್ನು ಹರಿದು ಬಿಸಾಡುತ್ತಾರೆ.

ಆದ್ದರಿಂದ ಕೊಡುವವರಿಗೂ ಕೊಳ್ಳುವವರಿಗೂ ನನ್ನ ಬೇಡಿಕೆ ದೊಡ್ಡದಲ್ಲ. ಕಟ್ಟು ಗುಜರಿಗೆ ಹಾಕುವ ಮೊದಲು ಒಳಗಿನ ಫೋಟೊ ತೆಗೆದಿಟ್ಟುಕೊಳ್ಳಿ. ಫೋಟೊ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಮುಖ ಕಿತ್ತು ಬರುತ್ತದೆ. ಗಾಜಿನ ಮೇಲಿನಿಂದಲೇ ಮೊಬೈಲಿನಲ್ಲಿ ಚಿತ್ರ ತೆಗೆದು, ಗಾಜಿನ ಸಮೇತ ಎತ್ತಿಡಿ. ಮನೆಯಲ್ಲಿ ಹಿರಿಯರು ಇನ್ನೂ ಇದ್ದಾಗಲೇ ಅದು ಯಾರು, ಯಾವ ಊರು ಎಂದು ಕೇಳಿ, ಹಿಂಬದಿಗೆ ಪೆನ್ಸಿಲಿನಿಂದ ಬರೆಯಿರಿ. ಆಮೇಲೆ ಖಾಲಿ ಫ್ರೇಮಿಗೆ ಸಾಗುವಾನಿ ಬಣ್ಣ ಹಚ್ಚುತ್ತೀರೋ ಬೀಟೆ ಬಣ್ಣ ಹಚ್ಚುತ್ತೀರೋ, ಅದು ನಿಮ್ಮ ಗೋಡೆ, ನಿಮ್ಮ ಇಷ್ಟ.