ಸೀಟಿ ಊದುವುದಷ್ಟೇ ಅಲ್ಲ

"ಹೆಣ್ಣುಮಕ್ಕಳ ಮೈಗೆ ಅದೆಲ್ಲ ಒಗ್ಗೋದಲ್ಲ" ಎಂದು ನಮ್ಮ ಭಾವನವರು ಸೋಫಾದಲ್ಲಿ ಕಾಲು ಚಾಚಿಕೊಂಡೇ ತೀರ್ಪು ಕೊಟ್ಟರು. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ ಅಕ್ಕನ ಮಗಳು ರೆಫರಿ ಪರೀಕ್ಷೆ ಕಟ್ಟುತ್ತೇನೆ ಅಂದದ್ದಕ್ಕೆ ಈ ಮಾತು. ಒಂದು ಮಹಡಿ ಹತ್ತಿದರೆ ಏದುಸಿರು ಬಿಡುವ ಗಂಡಸರಿಗೆ ಹೆಂಗಸರ ಮೈಯ ಬಗ್ಗೆ ಇಷ್ಟು ಖಚಿತ ಜ್ಞಾನ ಎಲ್ಲಿಂದ ಬರುತ್ತದೋ!

ರೆಫರಿ ಎಂದರೆ ಸೀಟಿ ಊದಿಕೊಂಡು ತಿರುಗುವವರು ಎಂದೇ ನಾನೂ ತಿಳಿದಿದ್ದೆ. ಆದರೆ ದೊಡ್ಡ ಪಂದ್ಯದ 90 ನಿಮಿಷಗಳಲ್ಲಿ ಅವರು ಓಡುವುದು ಸುಮಾರು 10ರಿಂದ 12 ಕಿಲೋಮೀಟರ್. ಅದೂ ಒಂದೇ ಸಮನೆ ಅಲ್ಲ. ನಿಂತಲ್ಲಿಂದ ಛಂಗನೆ ಓಡಬೇಕು, ಚೆಂಡಿನ ಮೇಲೆ ಕಣ್ಣಿಟ್ಟು ಹಿಂದುಹಿಂದಕ್ಕೆ ಓಡಬೇಕು. ದಣಿದ ಆಟಗಾರನ ಬದಲಿಗೆ ಹೊಸಬ ಬರುತ್ತಾನೆ; ದಣಿವಾಯಿತೆಂದು ರೆಫರಿಯನ್ನು ಯಾರೂ ಬದಲಿಸುವುದಿಲ್ಲ. ಎದೆ ಡವಗುಟ್ಟುತ್ತಿರುವಾಗಲೇ ಫೌಲು ಹೌದೋ ಅಲ್ಲವೋ ಹೇಳಬೇಕು. ತಪ್ಪಿದರೆ ಹೆತ್ತತಾಯಿಯನ್ನೂ ಸೇರಿಸಿ ಬೈಗುಳ.

ಫಿಫಾದ ಓಟದ ಪರೀಕ್ಷೆ ಕೇಳಿ. ಮೊದಲು 40 ಮೀಟರಿನ ರಭಸದ ಓಟ, ಆರು ಸಲ. ಆಮೇಲೆ 75 ಮೀಟರ್ ಓಟ, 25 ಮೀಟರ್ ನಡಿಗೆ, ಹೀಗೆ 40 ಸಲ. ಆ 75 ಮೀಟರಿಗೆ ಗಂಡಸರಿಗೆ 15 ಸೆಕೆಂಡು, ಹೆಂಗಸರಿಗೆ 17.

"ನೋಡಿದ್ಯಾ, ರಿಯಾಯಿತಿ!" ಎಂದರು ಭಾವ.

ಯಾವ ರಿಯಾಯಿತಿ? ಗಂಡಸರ ಪಂದ್ಯ ನಡೆಸಬೇಕಾದರೆ ಹೆಂಗಸೂ ಗಂಡಸರ ಅಳತೆಯಲ್ಲೇ ಪಾಸಾಗಬೇಕು. ಹಾಗೆ ಪಾಸಾಗಿಯೇ ಫ್ರಾನ್ಸಿನ ಸ್ಟೆಫನಿ ಫ್ರಪಾರ್ 2022ರ ಡಿಸೆಂಬರ್ 1ರಂದು ಕತಾರಿನಲ್ಲಿ ಜರ್ಮನಿ–ಕೋಸ್ಟರಿಕಾ ಪಂದ್ಯ ನಡೆಸಿದ್ದು. ಗಂಡಸರ ವಿಶ್ವಕಪ್ಪಿನಲ್ಲಿ ಹೆಂಗಸೊಬ್ಬಳು ಮುಖ್ಯ ರೆಫರಿಯಾದದ್ದು ಅದೇ ಮೊದಲು. ಗೆರೆಯ ಪಕ್ಕ ಬಾವುಟ ಹಿಡಿದ ಇಬ್ಬರೂ ಹೆಂಗಸರೇ. ಅಷ್ಟು ದೂರ ಯಾಕೆ, ನಮ್ಮ ನೆರೆಯ ಗೋವಾದ ಉವೇನಾ ಫರ್ನಾಂಡಿಸ್ 2016ರಲ್ಲಿ ಜೋರ್ಡಾನಿನ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪಿನಲ್ಲಿ ಸಹಾಯಕ ರೆಫರಿಯಾಗಿದ್ದರು.

ಮೈಗೆ ಬೇಕಾದದ್ದು ಅಭ್ಯಾಸ, ಅಭ್ಯಾಸಕ್ಕೆ ಬೇಕಾದದ್ದು ದಿನಾ ಬೆಳಗಿನ ಒಂದು ಗಂಟೆ. ಆ ಹೊತ್ತಿನಲ್ಲಿ ನಮ್ಮ ಊರುಗಳ ಹುಡುಗ ಮೈದಾನದಲ್ಲಿರುತ್ತಾನೆ, ಹುಡುಗಿ ಬಾಗಿಲಿಗೆ ನೀರು ಹಾಕುತ್ತಿರುತ್ತಾಳೆ. ಮೈದಾನಕ್ಕೆ ಹೋದಳೇ ಅನ್ನಿ, ಬಟ್ಟೆ ಬದಲಿಸಲು ಒಂದು ಕೋಣೆ ಇರುವುದಿಲ್ಲ. ಇಷ್ಟೆಲ್ಲ ಅಡ್ಡಿ ನಾವೇ ತಂದಿಟ್ಟು, ಕೊನೆಗೆ ತಪ್ಪನ್ನು ಅವಳ ಮೈಮೇಲೆ ಹೊರಿಸುತ್ತೇವೆ. ನಾವು ಅಂದದ್ದು ಸುಮ್ಮನಲ್ಲ, "ಕಪ್ಪಾಗ್ತೀಯ, ಸಂಬಂಧ ಕೂಡಿಬರಲ್ಲ" ಎಂದು ಹೆದರಿಸುವವರು ಹೆಚ್ಚಾಗಿ ಹೆಂಗಸರೇ.

ಹುಡುಗಿ ಸೋಮವಾರದಿಂದ ಐದೂವರೆಗೆ ಓಡಲು ಹೊರಟಿದ್ದಾಳೆ. ಬಾಗಿಲಿಗೆ ನೀರು ಹಾಕುವ ಕೆಲಸವನ್ನು ಭಾವನವರಿಗೆ ವಹಿಸಿ ಎಂದು ಅಕ್ಕನಿಗೆ ಹೇಳಿ ಬಂದಿದ್ದೇನೆ.