ಲಾರಿ ಕೆಡವಿದ ಗೋಡೆ: ವಿಮೆ ಹಣ ಯಾರನ್ನು ಕೇಳಬೇಕು?

ಕಬ್ಬು ಅರೆಯುವ ಹಂಗಾಮು ಬಂತೆಂದರೆ ಪಾಂಡವಪುರ, ಕೃಷ್ಣರಾಜಪೇಟೆ ಕಡೆಯ ರಸ್ತೆಗಳಲ್ಲಿ ಹೇರು ತುಂಬಿದ ಲಾರಿ, ಟ್ರ್ಯಾಕ್ಟರುಗಳ ಸಾಲು. ನಾಗಮಂಗಲದವರಿಗೆ ಬೆಳ್ಳೂರು ಕ್ರಾಸಿನ ಮಂಗಳೂರು ರಸ್ತೆಯ ಕಾಟ. ಶ್ರೀರಂಗಪಟ್ಟಣದಲ್ಲಿ ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರು, ಬೈಕು, ಆಟೋಗಳಿಗೆ ಪ್ರವೇಶವಿಲ್ಲವಾಗಿ, ಅವೆಲ್ಲ ಪಕ್ಕದ ಸರ್ವಿಸ್ ರಸ್ತೆಗೆ ಇಳಿದಿವೆ. ರಸ್ತೆಯ ಮಗ್ಗುಲಲ್ಲೇ ಮನೆ, ಕೊಟ್ಟಿಗೆ, ಪಂಪ್‌ಮನೆ ಇರುವ ರೈತನಿಗೆ ಇದರಿಂದ ಆಗುವ ಅಪಾಯ ಹೇಳಬೇಕಾಗಿಲ್ಲ.

ಹತೋಟಿ ತಪ್ಪಿದ ಲಾರಿಯೊಂದು ನಿಮ್ಮ ಗೋಡೆ ಕೆಡವಿತು, ಇಲ್ಲವೆ ಎತ್ತನ್ನು ಕೊಂದಿತು ಎನ್ನಿ. ಮಾಲೀಕ ಬಂದು, "ಇನ್ಶೂರೆನ್ಸ್ ಇದೆ, ಹಣ ಬರುತ್ತೆ ಬಿಡಿ" ಎಂದು ಸಮಾಧಾನ ಹೇಳಿ ಹೋಗುತ್ತಾನೆ. ಅವನ ಮಾತು ನಂಬಿ ನೀವು ವಿಮಾ ಕಂಪನಿಯ ಕಛೇರಿಗೆ ಹೋದರೆ ಅಲ್ಲಿ ಕೇಳುವ ಮೊದಲ ಪ್ರಶ್ನೆ, "ನಿಮ್ಮ ಪಾಲಿಸಿ ಎಲ್ಲಿ?"

ಗೊಂದಲದ ಮೂಲ ಇಲ್ಲಿದೆ. ವಿಮೆಯ ಕರಾರು ಲಾರಿ ಮಾಲೀಕನಿಗೂ ಕಂಪನಿಗೂ ನಡುವಿನದು. ನೀವು ಅದರಲ್ಲಿ ಮೂರನೆಯವರು. ಪ್ರೀಮಿಯಂ ಕಟ್ಟಿದ ಗ್ರಾಹಕರು ನೀವಲ್ಲವಾದ್ದರಿಂದ, ಕಂಪನಿ ಉತ್ತರ ಕೊಡಲಿಲ್ಲವೆಂದು ಗ್ರಾಹಕರ ನ್ಯಾಯಾಲಯಕ್ಕೆ ಹೋದರೂ ಅಲ್ಲಿ ದೂರು ನಿಲ್ಲುವುದು ಕಷ್ಟ. ಹಾಗೆಂದು ನಿಮಗೆ ಹಕ್ಕಿಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯಿದೆ ಪ್ರತಿ ವಾಹನಕ್ಕೂ ಮೂರನೆಯವರ ವಿಮೆ ಕಡ್ಡಾಯ ಮಾಡಿರುವುದೇ ನಿಮ್ಮಂಥವರಿಗಾಗಿ. ಪ್ರಾಣಹಾನಿ, ಗಾಯಗಳಿಗೆ ಮಾತ್ರವಲ್ಲ, ಆಸ್ತಿಯ ಹಾನಿಗೂ ಆ ವಿಮೆ ಅನ್ವಯಿಸುತ್ತದೆ. ಮರಗಳೂ ಆಸ್ತಿಯೆಂದೇ ಕಾಯಿದೆ ಹೇಳುತ್ತದೆ. ಆದರೆ ಆ ಹಕ್ಕನ್ನು ಚಲಾಯಿಸುವ ಜಾಗ ಕಂಪನಿಯ ಕಛೇರಿಯಲ್ಲ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಚಾಲಕ, ಮಾಲೀಕ, ವಿಮಾ ಕಂಪನಿ ಮೂವರನ್ನೂ ಪ್ರತಿವಾದಿಗಳನ್ನಾಗಿ ಮಾಡಿ ಅಲ್ಲಿ ಅರ್ಜಿ ಹಾಕಬೇಕು. ಅಪಘಾತ ನಡೆದ ಸ್ಥಳದಲ್ಲಾಗಲಿ, ನೀವು ವಾಸಿಸುವ ಸ್ಥಳದಲ್ಲಾಗಲಿ ಹಾಕಬಹುದು. ಲಾರಿ ಹೊರರಾಜ್ಯದ್ದಾದರೂ ನೀವು ಅಲ್ಲಿಗೆ ಅಲೆಯಬೇಕಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. 1994ರ ತಿದ್ದುಪಡಿಯ ನಂತರ ಇಂಥ ಅರ್ಜಿಗೆ ಕಾಲಮಿತಿಯೇ ಇರಲಿಲ್ಲ. ಊರಿನ ಹಿರಿಯರು, "ಎರಡು ವರ್ಷ ಬಿಟ್ಟು ಹಾಕಿದರೂ ನಡೆದೀತು" ಎಂದರೆ ಅದು ಆ ಕಾಲದ ಅನುಭವದ ಮಾತು. 2019ರ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಅಪಘಾತದ ದಿನದಿಂದ ಆರು ತಿಂಗಳ ಗಡುವು ವಿಧಿಸಲಾಗಿದೆ. ಈ ಗಡುವು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆಯಾದರೂ ಅದನ್ನು ನೆಚ್ಚಿ ಕೂರುವುದು ಜಾಣತನವಲ್ಲ. ಮಾಲೀಕನ "ಬರುತ್ತೆ ಬಿಡಿ" ಎಂಬ ಮಾತಿನಲ್ಲೇ ಆರು ತಿಂಗಳು ಕಳೆದುಹೋಗುತ್ತದೆ.

ಎಷ್ಟು ಹಣ ಸಿಕ್ಕೀತು? 1988ರ ಕಾಯಿದೆ ಆಸ್ತಿಹಾನಿಗೆ ಕಂಪನಿಯ ಹೊಣೆಯನ್ನು ಬರೀ 6,000 ರೂಪಾಯಿಗೆ ನಿಲ್ಲಿಸಿತ್ತು. ಲಾರಿ, ಕಾರುಗಳ ಸಾಮಾನ್ಯ ಪಾಲಿಸಿಯಲ್ಲಿ ಏಳೂವರೆ ಲಕ್ಷದವರೆಗೆ, ದ್ವಿಚಕ್ರ ವಾಹನಕ್ಕೆ ಒಂದು ಲಕ್ಷದವರೆಗೆ ರಕ್ಷಣೆ ಇರುತ್ತದೆ. ಆದರೆ ಪ್ರೀಮಿಯಂನಲ್ಲಿ ಒಂದಿಷ್ಟು ಉಳಿಸಲು ಮಿತಿಯನ್ನು 6,000ಕ್ಕೇ ಇಳಿಸಿಕೊಂಡ ಮಾಲೀಕರೂ ಉಂಟು. ಅಂಥ ಕಡೆ ಮಿಕ್ಕ ಹಣವನ್ನು ಮಾಲೀಕನಿಂದಲೇ ವಸೂಲು ಮಾಡಬೇಕಾಗುತ್ತದೆ. ಆದ್ದರಿಂದ ಪಾಲಿಸಿಯ ಪ್ರತಿಯನ್ನು ನೋಡದೆ ಯಾವ ಲೆಕ್ಕವನ್ನೂ ಹಾಕಬೇಡಿ.

ಅಪಘಾತವಾದ ದಿನವೇ ವಾಹನದ ನಂಬರು ಬರೆದುಕೊಳ್ಳಿ. ಹಾನಿಯ ಚಿತ್ರವನ್ನು ವಾಹನವೂ ಕಾಣುವಂತೆ ತೆಗೆಯಿರಿ. ಪೊಲೀಸ್ ಠಾಣೆಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ಥಳ ಮಹಜರು ಆಗಲೇಬೇಕು. ಎತ್ತು ಸತ್ತಿದ್ದರೆ ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಬೆಲೆಯನ್ನೂ ಬರೆಸಿಕೊಳ್ಳಿ. ತೆಂಗಿನ ಮರಕ್ಕೆ ತೋಟಗಾರಿಕೆ ಇಲಾಖೆಯವರ, ಗೋಡೆಗೆ ಎಂಜಿನಿಯರರ ಅಂದಾಜು ಬೇಕು. ವಿಮೆ ಯಾವ ಕಂಪನಿಯದು, ಯಾವ ದಿನದವರೆಗೆ ಚಾಲ್ತಿ ಎಂಬುದನ್ನು ನಂಬರಿನ ಮೇಲೆ ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ಪರಿಹಾರ ಕೇಳುವವರಿಗೆ ಈ ವಿವರವನ್ನು ಪೊಲೀಸರೂ ಆರ್.ಟಿ.ಓ.ದವರೂ ಕೊಡಬೇಕೆಂದು ಕಾಯಿದೆಯ 160ನೇ ಕಲಮು ಹೇಳುತ್ತದೆ. ಮಾಲೀಕನಿಗೂ ಕಂಪನಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಾಗದ ಬರೆದು ರಸೀದಿ ಇಟ್ಟುಕೊಳ್ಳಿ.

ಠಾಣೆಯ ಮುಂದೆಯೇ ನಡೆಯುವ ರಾಜಿಯ ಬಗೆಗೆ ಎಚ್ಚರವಿರಲಿ. ನಾಲ್ಕು ಹೆಂಚು ಒಡೆದಿದ್ದರೆ ಕೈಗೆ ಬಂದ ಹಣ ಪಡೆದು ಮುಗಿಸುವುದೇ ಲೇಸು. ನ್ಯಾಯಮಂಡಳಿಗೆ ಓಡಾಡುವ ಖರ್ಚೇ ಅದಕ್ಕಿಂತ ಹೆಚ್ಚು. ಆದರೆ ಜೋಡಿ ಎತ್ತೋ ಪಂಪ್‌ಮನೆಯೋ ಹೋಗಿದ್ದಾಗ ಹತ್ತು ಸಾವಿರಕ್ಕೆ "ಇನ್ನು ಯಾವ ತಕರಾರೂ ಇಲ್ಲ" ಎಂದು ರುಜು ಹಾಕಿದರೆ, ಆ ಕಾಗದವೇ ಮುಂದೆ ಕಂಪನಿ ವಕೀಲರ ಕೈಯ ಅಸ್ತ್ರವಾಗುತ್ತದೆ.

ನಮ್ಮ ಕಡೆಯ ತಪ್ಪನ್ನೂ ಅವರು ಹುಡುಕುತ್ತಾರೆ. ರಾತ್ರಿ ರಸ್ತೆ ಬದಿ ದೀಪವಿಲ್ಲದೆ ನಿಲ್ಲಿಸಿದ ಗಾಡಿಗೆ ಲಾರಿ ಗುದ್ದಿದರೆ ಪರಿಹಾರದಲ್ಲಿ ಒಂದು ಪಾಲು ಕಡಿತವಾದೀತು. ಗಾಡಿಯ ಹಿಂದೆ ಹೊಳೆಯುವ ಪಟ್ಟಿ ಅಂಟಿಸಲು ಆಗುವ ಖರ್ಚು ಅಲ್ಪ.

ವಕೀಲರ ಖರ್ಚು ಭರಿಸಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಅಲ್ಲಿ ಉಚಿತ ನೆರವು ಉಂಟು. ಅರ್ಜಿ ದಾಖಲಾದ ಮೇಲೆ ಲೋಕ ಅದಾಲತ್ತಿನಲ್ಲಿ ಕಂಪನಿಯೊಡನೆ ರಾಜಿಗೂ ಅವಕಾಶವಿದೆ. ಅಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯಷ್ಟೇ ಬೆಲೆ.