ಉಪಗ್ರಹಕ್ಕೆ ಊರು-ಕೇರಿ ಗೊತ್ತಿಲ್ಲ, ನಮಗೆ ಗೊತ್ತಿದೆ



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ.

ರಾಕೆಟ್ ಹಾರಿದ ದಿನ ಎಲ್ಲರ ಸ್ಟೇಟಸ್ಸಲ್ಲೂ ತ್ರಿವರ್ಣ ಧ್ವಜ. ಹೆಮ್ಮೆ ನನಗೂ ಇದೆ. ಆದ್ರೆ ಹಾರಿದ ಮೇಲೆ ಅದು ಯಾರ ಮನೆಗೆ ಏನು ಕೊಡ್ತು ಅಂತ ಕೇಳೋರು ಎಷ್ಟು ಜನ?

ಜಿಸ್ಯಾಟ್-15 ಅನ್ನೋ ಉಪಗ್ರಹ ತಗೊಳ್ಳಿ. 2015ರ ನವೆಂಬರ್‌ನಲ್ಲಿ ಹಾರಿದ್ದು. ಸುಮಾರು 36,000 ಕಿಲೋಮೀಟರ್ ಎತ್ತರ, ಸಮಭಾಜಕ ವೃತ್ತದ ಮೇಲೆ. ಭೂಮಿ ಒಂದು ಸುತ್ತು ತಿರುಗೋ ಹೊತ್ತಿಗೆ ಅದೂ ಒಂದು ಸುತ್ತು. ಹಾಗಾಗಿ ನಮ್ಮ ಕಣ್ಣಿಗೆ ಅದು ನಿಂತಲ್ಲೇ ನಿಂತಂಗೆ. ಆಗ್ನೇಯಕ್ಕೆ ಒಂದ್ಸಲ ಡಿಶ್ ತಿರುಗಿಸಿ ಬಿಗಿದರೆ ಮುಗೀತು. ಇಸ್ರೋದ ಇಂಥ ಉಪಗ್ರಹಗಳನ್ನು ನೋಡ್ಕೊಳ್ಳೋದು ನಮ್ಮ ಹಾಸನದ ಕೇಂದ್ರದಿಂದ.

ದೂರದರ್ಶನದ ಫ್ರೀ ಡಿಶ್ ಬರೋದು ಇದರಿಂದಲೇ. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ. ಸ್ವಯಂಪ್ರಭಾ ಪಾಠದ ಚಾನೆಲ್‌ಗಳೂ ಇದರಲ್ಲೇ ಇವೆ. ಆ ತರಂಗ ಗೌಡರ ತಾರಸಿಗೆ ಎಷ್ಟು ಬೀಳುತ್ತೋ ನಮ್ಮ ಶೀಟ್ ಮನೆ ಮೇಲೂ ಅಷ್ಟೇ ಬೀಳುತ್ತೆ. ಮೇಲಿಂದ ಭೇದ ಇಲ್ಲ. ಭೇದ ಶುರುವಾಗೋದು ಕೆಳಗೆ: ಡಿಶ್ ಯಾರ ಹತ್ರ ಇದೆ, ಕರೆಂಟ್ ಯಾರಿಗಿದೆ, ಟಿವಿ ಯಾರ ಜಗಲಿಯಲ್ಲಿದೆ.

ಈ ಪ್ರಶ್ನೆ ಹಳೇದು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ 'ಸೈಟ್' ಅನ್ನೋ ಪ್ರಯೋಗ ನಡೀತು. ಆರು ರಾಜ್ಯ, ಸುಮಾರು 2,400 ಹಳ್ಳಿ. ಕರ್ನಾಟಕವೂ ಅದರಲ್ಲಿತ್ತು. ಟಿವಿ ಇಟ್ಟಿದ್ದು ಶಾಲೆ, ಪಂಚಾಯ್ತಿ ಥರದ ಸಾರ್ವಜನಿಕ ಜಾಗದಲ್ಲಿ. ಇದು ಸಣ್ಣ ಮಾತಲ್ಲ. ಯಜಮಾನರ ಪಡಸಾಲೆಯಲ್ಲಿ ಇಟ್ಟಿದ್ದರೆ ನಮ್ಮೋರು ಅಂಗಳ ದಾಟೋಕಾಗ್ತಿತ್ತಾ?

2004ರಲ್ಲಿ ಶಿಕ್ಷಣಕ್ಕೆ ಅಂತಲೇ ಎಜುಸ್ಯಾಟ್ ಹಾರಿಸಿದ್ರು. 2010ಕ್ಕೆ ಅದರ ಕೆಲಸ ಮುಗೀತು. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನದಲ್ಲಿ ಪಾಠ ಬಂತು. ಒಳ್ಳೇದೇ. ಆದ್ರೆ ಟಿವಿ ಇಲ್ಲದ ಮನೆ ಮಕ್ಕಳು ಏನು ಮಾಡಬೇಕಿತ್ತು?

'ಈಗ ಎಲ್ಲರ ಕೈಲೂ ಮೊಬೈಲ್ ಇದೆಯಲ್ಲ' ಅಂತೀರಿ. ಇದೆ ಸ್ವಾಮಿ. ಮನೆಗೆ ಒಂದು. ಅಪ್ಪ ಗಾರೆ ಕೆಲಸಕ್ಕೆ ಹೋಗುವಾಗ ಅದೂ ಜೇಬಲ್ಲಿ ಹೋಗುತ್ತೆ. ಡೇಟಾ ಮುಗಿದರೆ ಪಾಠವೂ ಮುಗೀತು. ಮೊಬೈಲ್ ಬೇಡ ಅಂತಿಲ್ಲ. ಬಿಟ್ಟಿಯಾಗಿ ಬರ್ತಿರೋದನ್ನ ಯಾಕೆ ಬಿಡಬೇಕು ಅನ್ನೋದು ನನ್ನ ಪ್ರಶ್ನೆ.

ನಾನು ಗುಮಾಸ್ತ, ದಿನಾ ಫೈಲ್ ಮಧ್ಯೆ ಇರೋನು. ಖರೀದಿ ಫೈಲ್ ಓಡುತ್ತೆ, ರಿಪೇರಿ ಫೈಲ್ ತೆವಳುತ್ತೆ. ಅದಕ್ಕೇ ನನ್ನ ಬೇಡಿಕೆ ಮೂರೇ:

1. ಪ್ರತಿ ಎಸ್‌ಸಿ-ಎಸ್‌ಟಿ ಹಾಸ್ಟೆಲ್, ಪ್ರತಿ ಅಂಬೇಡ್ಕರ್ ಭವನಕ್ಕೆ ಒಂದು ಟಿವಿ, ಒಂದು ಫ್ರೀ ಡಿಶ್, ಕರೆಂಟ್ ಹೋದರೆ ಒಂದು ಯುಪಿಎಸ್.
2. ರಿಪೇರಿಗೆ ಪ್ರತ್ಯೇಕ ಹಣ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ದುಡ್ಡು ಇರೋದು ಇಂಥದ್ದಕ್ಕೇ, ಬೇರೆ ಖರ್ಚಿಗೆ ತಿರುಗಿಸೋಕಲ್ಲ.
3. ಪಾಠದ ವೇಳಾಪಟ್ಟಿ ಕನ್ನಡದಲ್ಲಿ ಗೋಡೆ ಮೇಲೆ. ಸಂಜೆ ಮಕ್ಕಳನ್ನ ಕೂರಿಸೋಕೆ ಕೇರಿಯ ಓದಿದ ಹುಡುಗ-ಹುಡುಗಿಗೆ ಗೌರವಧನ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನ ಬರವಣಿಗೆಯಲ್ಲಿ ಕೊಡಿ. ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳದೆ ಎದ್ದು ಬರಬೇಡಿ. 36,000 ಕಿಲೋಮೀಟರ್ ದಾಟಿ ಬಂದಿದ್ದು ಕೊನೇ ನೂರು ಅಡಿಯಲ್ಲಿ ನಿಲ್ಲಬಾರದು.

ಜೈ ಭೀಮ್.